ಮೈದಾನದ ಬೀಗ

“ಗುರುಗಳೇ, ತೀರಿಹೋದ ಗುರುವನ್ನು ನೆನೆಯುವಾಗ ಕೋಪಗೊಳ್ಳುವುದು ಸರಿಯೇ?” ಎಂದು ಶಿಷ್ಯ ಕೇಳಿದ.

ಗುರು ಹೇಳಿದರು:

ಒಂದು ಗಣಿ ಊರಿನಲ್ಲಿ ಅಂತೋಣಿ ಎಂಬ ಫುಟ್‌ಬಾಲ್ ಮೇಷ್ಟರಿದ್ದರು. ಊರಿನ ಎರಡು ತಲೆಮಾರಿನ ಮಕ್ಕಳು ಆಟ ಕಲಿತದ್ದು ಅವರಿಂದಲೇ. ಹಸಿದು ಬಂದವರಿಗೆ ಮೊದಲು ಊಟ ಹಾಕಿಸುತ್ತಿದ್ದರು, ಆಮೇಲೆ ಓಡಿಸುತ್ತಿದ್ದರು. ಹೆಣ್ಣುಮಕ್ಕಳಿಗೆ ಆಟವೇಕೆ ಎಂದು ಊರು ಆಡಿಕೊಂಡಾಗಲೂ ಸಗಾಯಮೇರಿ ಎಂಬ ಹುಡುಗಿಯನ್ನು ಗೋಲಿನ ಮುಂದೆ ನಿಲ್ಲಿಸಿದರು. ಅವರ ಕೈಯಲ್ಲಿ ಪಳಗಿದವರು ದೊಡ್ಡ ತಂಡಗಳಿಗೆ ಆಡಿದರು, ಆಟದಿಂದಲೇ ಕೆಲಸ ಹಿಡಿದರು.

ಒಮ್ಮೆ ಕ್ರೀಡಾ ಸಂಘದ ಅಧ್ಯಕ್ಷ ತನ್ನ ತಮ್ಮನ ಮಗನನ್ನು ತಂಡಕ್ಕೆ ಸೇರಿಸಲು ಹೇಳಿದ.

“ಮೊದಲು ಅಭ್ಯಾಸಕ್ಕೆ ಬರಲಿ” ಎಂದರು ಮೇಷ್ಟರು.

ಮರುದಿನ ಮೈದಾನದ ಗೇಟಿಗೆ ಬೀಗ ಬಿತ್ತು. ಮೇಷ್ಟರಿಗೆ ವಯಸ್ಸಾಯಿತು, ಮಕ್ಕಳನ್ನು ಹೊಡೆಯುತ್ತಾರೆ ಎಂದು ಸಂಘ ಸುಳ್ಳು ಹಬ್ಬಿಸಿತು. ಅವರು ಯಾರ ಮೇಲೂ ಕೈ ಎತ್ತಿದವರಲ್ಲ ಎಂಬುದು ಹಳೆಯ ಶಿಷ್ಯರಿಗೆಲ್ಲ ಗೊತ್ತಿತ್ತು. ಆದರೆ ಅಧ್ಯಕ್ಷನ ಕೃಪೆ ಎಲ್ಲರಿಗೂ ಬೇಕಾಗಿತ್ತು. ಒಬ್ಬರೂ ಬಾಯಿ ಬಿಡಲಿಲ್ಲ. ಮದುವೆಯಾಗಿ ದೂರದ ಊರಿನಲ್ಲಿದ್ದ ಸಗಾಯಮೇರಿಗೆ ಸುದ್ದಿಯೇ ಮುಟ್ಟಲಿಲ್ಲ. ಮೇಷ್ಟರು ಗಣಿಯ ಮಣ್ಣುದಿಬ್ಬದ ಮೇಲೆ, ಕಲ್ಲುಗಳ ನಡುವೆ ಮಕ್ಕಳಿಗೆ ಆಟ ಕಲಿಸಿದರು. ಅಲ್ಲಿಯೇ ಕುಸಿದು ತೀರಿಕೊಂಡರು.

ಸಂಘದವರು ಶ್ರದ್ಧಾಂಜಲಿ ಸಭೆ ಕರೆದರು. ಫೋಟೋಗೆ ದೊಡ್ಡ ಹಾರ ಬಿತ್ತು. ಹಳೆಯ ಶಿಷ್ಯರು ಮುಂದಿನ ಸಾಲಿನಲ್ಲಿ ಕುಳಿತು ಕಣ್ಣೊರೆಸಿಕೊಂಡರು. ಮೈದಾನದ ಗೇಟಿನ ಬಳಿ ಮೇಷ್ಟರ ಪ್ರತಿಮೆ ನಿಲ್ಲಿಸುವುದಾಗಿ ಅಧ್ಯಕ್ಷ ಘೋಷಿಸಿದ. ಚಪ್ಪಾಳೆ ಬಿತ್ತು. ಬಳಿಕ ಎಲ್ಲರೂ ಮೌನಾಚರಣೆಗೆ ಎದ್ದು ನಿಂತರು.

ಸಾವಿನ ಸುದ್ದಿ ಕೇಳಿ ಊರಿಗೆ ಬಂದು, ದಿಬ್ಬದ ಮಕ್ಕಳಿಂದ ಆ ಬೆಳಿಗ್ಗೆಯಷ್ಟೇ ಎಲ್ಲವನ್ನೂ ಕೇಳಿ ತಿಳಿದಿದ್ದ ಸಗಾಯಮೇರಿ ವೇದಿಕೆಯ ಮುಂದೆ ಬಂದಳು.

“ಪ್ರತಿಮೆ ಯಾರಿಗೆ ಬೇಕು? ಗೇಟಿನ ಬೀಗದ ಕೈ ಕೊಡಿ!”

“ಏನಮ್ಮ ಇದು? ದುಃಖದ ಹೊತ್ತಿನಲ್ಲಿ ರಂಪ ಮಾಡಬೇಡ, ಕೂತುಕೋ” ಎಂದ ಅಧ್ಯಕ್ಷ.

“ಅವರನ್ನು ಹೊರಗೆ ಹಾಕಿದವನು ನೀನು. ನೋಡುತ್ತ ಕೂತವರು ಇವರು. ನಿಮಗೆಲ್ಲಿಯ ದುಃಖ?”

ಯಾರೂ ಬೀಗದ ಕೈ ಕೊಡಲಿಲ್ಲ. ಅವಳು ಹಾರವನ್ನು ಕಿತ್ತೆಸೆದು, ಫೋಟೋವನ್ನು ಕಂಕುಳಿಗೆ ಸೇರಿಸಿಕೊಂಡು ಹೊರಟಳು. ದಿಬ್ಬದ ಮಕ್ಕಳು ಹಿಂದೆ ಓಡಿದರು. ಮೈದಾನದ ಗೇಟಿಗೆ ಹೋಗಿ ಕಲ್ಲಿನಿಂದ ಜಜ್ಜಿ ಬೀಗ ಮುರಿದಳು. ಸಂಜೆಯವರೆಗೂ ಮಕ್ಕಳು ಆಡಿದರು. ಸಂಘದವರು ಪೊಲೀಸರಿಗೆ ದೂರು ಕೊಟ್ಟು ಹೊಸ ಬೀಗ ಹಾಕಿಸಿದರು. ಠಾಣೆಯಿಂದ ಬಂದವಳು ನೇರವಾಗಿ ಹೋಗಿ ಅದನ್ನೂ ಮುರಿದಳು. ಈ ಬಾರಿ ಮಕ್ಕಳ ತಾಯಂದಿರು ಗೇಟಿಗೆ ಅಡ್ಡಲಾಗಿ ಕುಳಿತರು. ಮತ್ತೆ ಬೀಗ ಹಾಕುವ ಧೈರ್ಯ ಯಾರಿಗೂ ಬರಲಿಲ್ಲ.

ಶಿಷ್ಯ ಮತ್ತೆ ಕೇಳಿದ: “ಆದರೂ ಗುರುಗಳೇ, ಸತ್ತವರ ಗೌರವಕ್ಕಾಗಿ ಎಲ್ಲರೂ ಮೌನವಾಗಿ ನಿಂತಿದ್ದಾಗ ಅವಳೂ ಒಂದು ನಿಮಿಷ ಸುಮ್ಮನಿರಬಹುದಿತ್ತಲ್ಲವೇ?”

ಗುರು ಹೇಳಿದರು: “ಆ ಮೌನವನ್ನು ಅವರೆಲ್ಲ ಮೇಷ್ಟರು ಬದುಕಿದ್ದಾಗಲೇ ಆಚರಿಸಿ ಮುಗಿಸಿದ್ದರು.”