ನೀರಿನ ಕೆಳಗಿನ ಬಣ್ಣ

"ಗುರುಗಳೇ, ಒಳ್ಳೆಯ ಮಾತು ಜನರಿಗೆ ಯಾಕೆ ನಾಟುವುದಿಲ್ಲ?" ಎಂದು ಬೊಮ್ಮಯ್ಯ ಕೇಳಿದ.

ಗುರುಗಳು ಬಾಳೆನಾರು ಹೊಸೆಯುತ್ತ ಕುಳಿತಿದ್ದರು. ಕೈ ನಿಲ್ಲಿಸಲಿಲ್ಲ.

"ಯಾವ ಜನರಿಗೆ?" ಎಂದರು.

ಬೊಮ್ಮಯ್ಯ ಎಲ್ಲವನ್ನೂ ಹೇಳಿದ. ಹೊಳೆಯಾಚೆಯ ಊರಿನಲ್ಲಿ ಎರಡು ಕೇರಿಗಳು ಮಾತು ಬಿಟ್ಟು ಏಳು ವರ್ಷವಾಗಿತ್ತು. ಅವರನ್ನು ಒಂದುಗೂಡಿಸಿ ಬಾ ಎಂದು ಗುರುಗಳೇ ಅವನನ್ನು ಕಳಿಸಿದ್ದರು. ಹೋದ ಹೊಸದರಲ್ಲಿ ಜನ ಕಿಕ್ಕಿರಿದು ಬಂದರು. ಅವನ ಕಂಠ ಚೆನ್ನಾಗಿತ್ತು, ಶಾಸ್ತ್ರ ಬಾಯಲ್ಲಿತ್ತು. ಎಲ್ಲರೂ ತಲೆದೂಗಿದರು. ತಲೆದೂಗಿ ಎದ್ದುಹೋದವರು ಬೇರೆಬೇರೆ ದಾರಿ ಹಿಡಿದೇ ಮನೆಗೆ ಹೋದರು. ಆಮೇಲೆ ಅವನು ಶಾಸ್ತ್ರ ಬಿಟ್ಟು ಹಾಡು ಹಿಡಿದ. ಹಾಡು ಬಿಟ್ಟು ಕತೆ ಹಿಡಿದ. ಒಂದು ದಿನ ಸಿಟ್ಟು ನೆತ್ತಿಗೇರಿ ಬೈದೂ ಬಿಟ್ಟ. ಮೂರನೆಯ ತಿಂಗಳು ಮುಗಿಯುವ ಹೊತ್ತಿಗೆ ಚಾವಡಿ ಬರಿದಾಗಿತ್ತು.

"ನನ್ನ ಹತ್ತಿರ ಮಾತಿಗೆ ಬರವಿಲ್ಲ" ಎಂದ ಬೊಮ್ಮಯ್ಯ. "ಮತ್ತೆ ಹೋಗಲು ಸಿದ್ಧನಿದ್ದೇನೆ. ಯಾವುದನ್ನು ಒಯ್ಯಬೇಕು ಎಂಬುದೊಂದನ್ನು ನೀವು ಹೇಳಿದರೆ ಸಾಕು."

ಗುರುಗಳು ಹೊಸೆದ ನಾರನ್ನು ಪಕ್ಕಕ್ಕಿಟ್ಟು ಕತೆ ಹೇಳಿದರು.

ಒಂದು ಅಳಿವೆಯ ದಂಡೆಯಲ್ಲಿ ಒಬ್ಬ ಮೀನುಗಾರನಿದ್ದ. ಹೊಳೆ ಸಮುದ್ರವನ್ನು ಸೇರುವ ಆ ಜಾಗದಲ್ಲಿ ದೊಡ್ಡ ಮೀನುಗಳು ಬೇಟೆಗೆ ಬರುತ್ತಿದ್ದವು. ಅವು ಸತ್ತ ಎರೆಯನ್ನು ಮೂಸಿಯೂ ನೋಡುತ್ತಿರಲಿಲ್ಲ. ಓಡುವ ಮರಿಮೀನನ್ನು ಕಂಡರೆ ಮಾತ್ರ ಬಾಯಿ ಹಾಕುತ್ತಿದ್ದವು. ಆದ್ದರಿಂದ ಆ ಊರಿನವರು ಹಗುರವಾದ ಮರದಲ್ಲಿ ಮೀನು ಕೆತ್ತಿ, ಹೊಟ್ಟೆಯ ಕೆಳಗೆ ಗಾಳ ಕಟ್ಟಿ, ದಾರಕ್ಕೆ ಬಿಗಿದು ನೀರಿಗೆ ಎಸೆಯುತ್ತಿದ್ದರು. ದಾರ ಎಳೆದಾಗ ಮರದ ಮೀನು ಜೀವ ಬಂದಂತೆ ಓಡುತ್ತಿತ್ತು.

ಮರದ ಮೀನು ಕೆತ್ತುವುದರಲ್ಲಿ ಈ ಮೀನುಗಾರ ಎತ್ತಿದ ಕೈ. ಮೈಮೇಲಿನ ಒಂದೊಂದು ಹುರುಪೆಯನ್ನೂ ಬಿಡಿಬಿಡಿಯಾಗಿ ಕೊರೆಯುತ್ತಿದ್ದ. ಅರಗಿನಲ್ಲಿ ಬಣ್ಣ ಕಲಸಿ ನಾಲ್ಕು ಸಲ ಬಳಿಯುತ್ತಿದ್ದ. ಅವನ ಪೆಟ್ಟಿಗೆಯಲ್ಲಿ ಹಸಿರು, ಹಳದಿ, ನವಿಲುಬಣ್ಣ, ಎಲ್ಲವೂ ಇದ್ದವು. ಎಲ್ಲಕ್ಕಿಂತ ಮೇಲೆ ಒಂದು ಕೆಂಪು ಮೀನು. ಬಿಸಿಲಿಗೆ ಹಿಡಿದರೆ ಅದು ಕೆಂಡದಂತೆ ಹೊಳೆಯುತ್ತಿತ್ತು. ಪರವೂರಿನಿಂದ ಬಂದವರು ಅದನ್ನು ಕೈಯಲ್ಲಿ ಹಿಡಿದು ನೋಡದೆ ಹೋಗುತ್ತಿರಲಿಲ್ಲ.

ಆ ಊರಿನಲ್ಲಿ ಒಂದು ಕಟ್ಟಳೆಯಿತ್ತು. ಮಳೆಗಾಲ ಹಿಂದೆ ಸರಿದು ಮೊದಲ ಹುಣ್ಣಿಮೆ ಬಂದ ದಿನ, ಅಳಿವೆಯ ಬಂಡೆಗಳ ಮೇಲೆ ಹಕ್ಕಿದ್ದವರೆಲ್ಲ ತಮ್ಮ ತಮ್ಮ ಬಂಡೆಯಿಂದ ಒಂದು ದೊಡ್ಡ ಮೀನು ಹಿಡಿದು ಊರಿನ ಅಡಿಗೆಗೆ ಕೊಡಬೇಕು. ಒಂದು ವರ್ಷ ತಪ್ಪಿದರೆ ಯಾರೂ ಏನೂ ಅನ್ನುವುದಿಲ್ಲ. ಸಾಲಾಗಿ ಮೂರು ವರ್ಷ ತಪ್ಪಿದರೆ ಬಂಡೆ ಕೈಬಿಟ್ಟು ಹೋಗುತ್ತದೆ. ಮೀನುಗಾರನ ಬಂಡೆ ಅವನ ಅಜ್ಜನ ಕಾಲದಿಂದ ಬಂದದ್ದು. ಅವನು ಎರಡು ವರ್ಷ ಬರಿಗೈಯಲ್ಲಿ ಮನೆಗೆ ಬಂದಿದ್ದ. ಅವನ ದಾಯಾದಿಯೊಬ್ಬ ಆ ಬಂಡೆಯ ಮೇಲೆ ಆಗಲೇ ಕಣ್ಣಿಟ್ಟಿದ್ದ.

ಎರಡನೆಯ ವರ್ಷ ತಪ್ಪಿದ ದಿನ ಮೀನುಗಾರನಿಗೆ ಅವಮಾನಕ್ಕಿಂತ ಹೆಚ್ಚಾಗಿ ಆಶ್ಚರ್ಯವಾಗಿತ್ತು. ಇಷ್ಟು ಚೆಂದದ ಮರದ ಮೀನನ್ನು ಹೊಳೆಯ ಮೀನುಗಳು ಹೇಗೆ ಬಿಟ್ಟವು ಎಂದು ಅವನಿಗೆ ತಿಳಿಯಲಿಲ್ಲ. ಬಣ್ಣ ಸಾಲದೇನೋ ಎಂದುಕೊಂಡು ಇನ್ನೆರಡು ಸಲ ಅರಗು ಬಳಿದ. ಹುರುಪೆಯ ಅಂಚಿಗೆ ಹೊಂಬಣ್ಣ ಎಳೆದ. ಕೆಂಪು ಮೀನು ಇನ್ನೂ ಚೆಂದವಾಯಿತು. ಮೀನು ಬೀಳಲಿಲ್ಲ.

ಅವನ ಪಕ್ಕದ ಬಂಡೆ ಒಬ್ಬ ಮುದುಕಿಯದು. ಅವಳ ಹತ್ತಿರ ಇದ್ದದ್ದು ಮೂರೇ ಮರದ ತುಂಡು. ಒಂದು ಬಿಳಿ, ಒಂದು ಕಪ್ಪು. ಇನ್ನೊಂದು ಟೊಳ್ಳು, ಒಳಗೆ ಗುಲಗಂಜಿ ತುಂಬಿ ಬೆಣೆ ಹೊಡೆದದ್ದು. ಅವಕ್ಕೆ ಕಣ್ಣಿಲ್ಲ, ಹುರುಪೆಯಿಲ್ಲ, ರೆಕ್ಕೆಯೂ ಸರಿಯಾಗಿಲ್ಲ. ಆದರೆ ಅವಳು ಬರಿಗೈಯಲ್ಲಿ ಮನೆಗೆ ಹೋದದ್ದನ್ನು ಯಾರೂ ಕಂಡಿರಲಿಲ್ಲ.

ಕೊನೆಗೆ ಮೀನುಗಾರ ಹಮ್ಮು ಬಿಟ್ಟು ಅವಳ ಬಂಡೆಗೆ ಹೋದ.

"ಅಜ್ಜಿ, ಯಾವ ಬಣ್ಣಕ್ಕೆ ಮೀನು ಬೀಳುತ್ತದೆ, ಹೇಳಿಕೊಡು" ಎಂದ.

ಮುದುಕಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ನಿನಗೆ ಈಜು ಬರುತ್ತದಲ್ಲ, ಮಗಾ?"

"ಬರುತ್ತದೆ."

"ಮತ್ತೆ ನನ್ನನ್ನೇಕೆ ಕೇಳುತ್ತೀ?" ಎಂದು ಹೇಳಿ ಅವಳು ಮತ್ತೆ ದಾರದ ಕಡೆಗೆ ತಿರುಗಿದಳು.

ಮೀನುಗಾರನಿಗೆ ಸಿಟ್ಟು ಬಂತು. ಮುದುಕಿ ಗುಟ್ಟು ಬಿಟ್ಟುಕೊಡಲಿಲ್ಲ ಎಂದುಕೊಂಡು ಮನೆಗೆ ಹೋದ. ಊಟಕ್ಕೆ ಕುಳಿತಾಗಲೂ ಅವಳ ಮಾತೇ ಕಿವಿಯಲ್ಲಿತ್ತು. ಹುಟ್ಟಿದಾಗಿನಿಂದ ಅವನು ಆ ನೀರಿನ ಮೇಲೆ ಬದುಕಿದ್ದ. ಅದರಲ್ಲಿ ಮಿಂದಿದ್ದ, ಈಜಿದ್ದ, ದೋಣಿ ಮಗುಚಿದಾಗ ಮುಳುಗಿ ಎದ್ದಿದ್ದ. ಆದರೆ ನೀರಿನ ಕೆಳಗೆ ಹೋಗಿ ಕಣ್ಣು ಬಿಟ್ಟು ನೋಡಿರಲಿಲ್ಲ.

ಮರುದಿನ ಬೆಳಿಗ್ಗೆ ಹೆಂಡತಿಯನ್ನು ದೋಣಿಯಲ್ಲಿ ಕೂರಿಸಿಕೊಂಡು ಅಳಿವೆಯ ನಡುವೆ ಹೋದ. ಚಳಿಗಾಲದ ನೀರು ತಿಳಿಯಾಗಿತ್ತು. ಕೆಂಪು ಮೀನಿಗೆ ಭಾರ ಕಟ್ಟಿ ದಾರವನ್ನು ಅವಳ ಕೈಗೆ ಕೊಟ್ಟ. ನಾನು ಕೆಳಗೆ ಹೋದ ಮೇಲೆ ಇದನ್ನು ಆಳಕ್ಕೆ ಬಿಟ್ಟು ಮೆಲ್ಲಗೆ ಎಳೆ ಎಂದ. ಉಸಿರು ಕಟ್ಟಿ ಮುಳುಗಿದ.

ಮೂರಾಳು ಆಳದಲ್ಲಿ ಕಣ್ಣು ಬಿಟ್ಟ. ಉಪ್ಪು ನೀರು ಉರಿಯಿತು. ಉರಿ ತಡೆದುಕೊಂಡು ನೋಡಿದ. ಅವನ ಕೆಂಪು ಮೀನು ಎದುರಿಗೆ ಬಂತು. ಅದು ಕೆಂಪಾಗಿರಲಿಲ್ಲ. ಒಲೆಯ ಬೂದಿಯ ಬಣ್ಣಕ್ಕೆ ತಿರುಗಿತ್ತು. ಆರು ಸಲ ಬಳಿದ ಅರಗು, ಹೊಂಬಣ್ಣದ ಅಂಚು, ಒಂದೂ ಅಲ್ಲಿಗೆ ಇಳಿದು ಬಂದಿರಲಿಲ್ಲ. ಇನ್ನೂ ಕೆಳಗೆ ಹೋಗಿ ತಲೆಯೆತ್ತಿ ನೋಡಿದ. ಮೇಲೆ ಆಕಾಶದ ಬೆಳಕು, ಅದರ ನಡುವೆ ಒಂದು ಕಪ್ಪು ಗೀಟು. ಅಷ್ಟೇ.

ಮೇಲಕ್ಕೆ ಬಂದವನು ದೋಣಿಯ ಅಂಚು ಹಿಡಿದುಕೊಂಡ. ಇಷ್ಟು ವರ್ಷ ತಾನು ದಂಡೆಯ ಮೇಲೆ ನಿಂತವರಿಗಾಗಿ ಬಣ್ಣ ಬಳಿದೆ ಎಂಬುದು ಅವನಿಗೆ ಹೊಳೆದಿತ್ತು.

ಅಂದಿನಿಂದ ಅವನಿಗೆ ಅದೇ ಗೀಳಾಯಿತು. ತಿಳಿ ನೀರಿನಲ್ಲಿ ಮುಳುಗಿದ, ಮೋಡ ಕವಿದ ದಿನ ಮುಳುಗಿದ, ಸಮುದ್ರದ ಭರತ ಏರುವಾಗಲೂ ಇಳಿಯುವಾಗಲೂ ಮುಳುಗಿದ. ಒಮ್ಮೆ ದಾರ ಕಾಲಿಗೆ ಸುತ್ತಿಕೊಂಡು, ಬಿಡಿಸಿಕೊಳ್ಳಲಾಗದೆ, ಎದೆ ಒಡೆಯುವ ಹಾಗಾಯಿತು. ಹೆಂಡತಿ ದಾರ ಹಿಡಿದು ಕಾಲು ಮೇಲಾಗಿ ಅವನನ್ನು ಎಳೆದು ತಂದಳು. ಅವನು ನೀರು ಕಾರಿ ಉಸಿರು ಹಿಡಿದ ಮೇಲೆ, "ಮೀನು ಹಿಡಿಯಲು ಹೊರಟವರು ನೀವೇ ಗಾಳಕ್ಕೆ ಬೀಳುವುದೇ?" ಎಂದಳು. ಮರುದಿನವೂ ಅವಳೇ ದಾರ ಹಿಡಿದು ಕುಳಿತಳು.

ಅವನು ಕಂಡದ್ದೆಲ್ಲ ಒಂದು ದಿನದಲ್ಲಿ ಕಂಡದ್ದಲ್ಲ. ತಿಳಿ ನೀರಿನಲ್ಲಿ ಮರಿಮೀನುಗಳು ತೆಳ್ಳಗೆ, ಬಿಳುಪಾಗಿ, ಇದ್ದೂ ಇಲ್ಲದಂತೆ ಓಡುತ್ತಿದ್ದವು. ಬಣ್ಣಬಣ್ಣದ ವಸ್ತು ಬಂದರೆ ದೊಡ್ಡ ಮೀನು ಬೆದರಿ ಹಿಂದೆ ಸರಿಯುತ್ತಿತ್ತು. ಚಳಿಯ ದಿನ ಅದು ತಳ ಬಿಟ್ಟು ಏಳುತ್ತಲೇ ಇರಲಿಲ್ಲ. ಬೇಗ ಎಳೆದ ಮರದ ಮೀನನ್ನು ಅಟ್ಟಿಸಿಕೊಂಡು ಹೋಗುವ ಮನಸ್ಸು ಅದಕ್ಕಿರಲಿಲ್ಲ. ಮೂತಿಯ ಮುಂದೆ ತೆವಳುತ್ತ ಹೋದರೆ ಮಾತ್ರ ಬಾಯಿ ತೆರೆಯುತ್ತಿತ್ತು. ಬೇಸಿಗೆಯ ಮುಂಜಾನೆ ಅದೇ ಮೀನು ನೀರಿನ ಮೇಲ್ಮೈಗೆ ಬಂದು, ಮೇಲೆ ತೇಲುವ ನೆರಳನ್ನು ಬೆನ್ನಟ್ಟುತ್ತಿತ್ತು.

ತನ್ನ ಬಂಡೆಯ ಬುಡದಲ್ಲೂ ಒಂದು ದಿನ ಮುಳುಗಿ ನೋಡಿದ. ಅಲ್ಲಿ ಒಂದು ದೊಡ್ಡ ಮೀನಿತ್ತು. ಹರಿದು ಬರುವ ನೀರಿಗೆ ಮುಖ ಕೊಟ್ಟು ಅಲುಗಾಡದೆ ನಿಂತಿತ್ತು. ನೀರು ತಂದುಕೊಟ್ಟದ್ದನ್ನು ತಿನ್ನಲು ಅದು ಹಾಗೆ ಕಾಯುತ್ತಿತ್ತು. ಮೀನುಗಾರ ತಾನು ಬಂಡೆಯ ಮೇಲೆ ನಿಲ್ಲುವ ಜಾಗವನ್ನು ನೆನೆದುಕೊಂಡ. ಇಷ್ಟು ವರ್ಷ ಅವನು ಎಸೆಯುತ್ತಿದ್ದದ್ದು ಅದರ ಬಾಲದ ಹಿಂದೆ.

ಮಳೆ ಹಿಡಿಯುವ ಹೊತ್ತಿಗೆ ನೀರು ಕೆಂಪು ರಾಡಿಯಾಯಿತು. ಹೆಂಡತಿ ಬೇಡವೆಂದಳು. ಆದರೂ ದಂಡೆಯ ಹತ್ತಿರ, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಒಂದೇ ಒಂದು ಸಲ ಮುಳುಗಿದ. ಕಣ್ಣು ಬಿಟ್ಟರೆ ತನ್ನ ಅಂಗೈ ತನಗೆ ಕಾಣಲಿಲ್ಲ. ಅಷ್ಟರಲ್ಲಿ ಮೇಲೆ ದೋಣಿಯ ಅಂಚಿಗೆ ಹುಟ್ಟು ತಾಗಿತು. ಆ ಸದ್ದು ಅವನ ಪಕ್ಕೆಲುಬಿಗೆ ಬಂದು ಬಡಿಯಿತು. ಏನೋ ಒಂದು ಮೈ ಹತ್ತಿರದಲ್ಲೇ ಹಾದುಹೋಯಿತು. ಅದು ಕಣ್ಣಿಗೆ ಬೀಳಲಿಲ್ಲ. ನೀರು ಎದೆಯನ್ನು ದೂಡಿದ್ದರಿಂದ ಹಾದುಹೋದದ್ದು ತಿಳಿಯಿತು.

ಅಂದು ಮನೆಗೆ ಹೋಗಿ ಒಂದು ಮರದ ತುಂಡು ಆರಿಸಿದ. ದಪ್ಪವಾಗಿ ಕೆತ್ತಿ, ನೀರನ್ನು ದೂಡುವ ಹಾಗೆ ತಲೆಯನ್ನು ಮೊಂಡು ಮಾಡಿದ. ಹೊಟ್ಟೆ ಟೊಳ್ಳು ಮಾಡಿ ಗುಲಗಂಜಿ ತುಂಬಿದ. ಕೊನೆಗೆ ಅದನ್ನು ಒಲೆಯಲ್ಲಿ ಸುಟ್ಟು ಕಪ್ಪು ಮಾಡಿದ. ಹುರುಪೆ ಕೊರೆಯಲು ಕೈ ತುಡಿಯುತ್ತಿತ್ತು. ಕೊರೆಯಲಿಲ್ಲ.

ಹುಣ್ಣಿಮೆಯ ದಿನ ಬಂತು. ಹಿಂದಿನ ವಾರ ಘಟ್ಟದಲ್ಲಿ ಮಳೆ ಸುರಿದು ಅಳಿವೆ ಮತ್ತೆ ಕದಡಿತ್ತು. ಊರಿಗೆ ಊರೇ ದಂಡೆಯಲ್ಲಿ ನಿಂತಿತ್ತು. ದಾಯಾದಿ ಬಂಡೆಯ ಬುಡದಲ್ಲೇ ನಿಂತಿದ್ದ. ಮೀನುಗಾರ ಪೆಟ್ಟಿಗೆ ತೆರೆದಾಗ ಅವನ ಕೈ ಅಭ್ಯಾಸಬಲದಿಂದ ಕೆಂಪು ಮೀನಿನ ಕಡೆಗೆ ಹೋಯಿತು. ಜನ ಅದನ್ನೇ ನೋಡಲು ಕಾಯುತ್ತಿದ್ದರು. ಅವನು ಅದನ್ನು ದಾಟಿ ಸುಟ್ಟ ತುಂಡನ್ನು ಎತ್ತಿಕೊಂಡ.

ದಂಡೆಯಲ್ಲಿ ನಗು ಎದ್ದಿತು. "ಒಲೆಗೆ ಹಾಕಿದ ಸೌದೆ ಪೆಟ್ಟಿಗೆಗೆ ಬಂದಿದೆಯಲ್ಲ!" ಎಂದ ದಾಯಾದಿ.

ಮೀನುಗಾರ ಅತ್ತ ನೋಡಲಿಲ್ಲ. ಎಂದೂ ನಿಲ್ಲದ ಕಡೆ, ಬಂಡೆಯ ಇನ್ನೊಂದು ಮೂಲೆಯಲ್ಲಿ, ನೀರು ಬರುವ ದಿಕ್ಕಿಗೆ ತಿರುಗಿ ನಿಂತ. ದೂರಕ್ಕೆ ಎಸೆದು ಹರಿವಿನ ಜೊತೆಗೆ ಮೆಲ್ಲಗೆ ಎಳೆದ. ಗುಲಗಂಜಿ ಅಲುಗುವುದು ದಾರದಲ್ಲಿ ಬೆರಳಿಗೆ ತಿಳಿಯುತ್ತಿತ್ತು. ಮೊದಲ ಸಲ ಏನೂ ಆಗಲಿಲ್ಲ. ಎರಡನೆಯ ಸಲವೂ ಇಲ್ಲ. ಜನ ಪಿಸುಗುಟ್ಟತೊಡಗಿದರು. ಅವನಿಗೆ ಅವಸರವಿರಲಿಲ್ಲ. ರಾಡಿಯ ಕೆಳಗೆ ಏನಿದೆ, ಅದು ಯಾವ ಕಡೆಗೆ ಮುಖ ಮಾಡಿದೆ, ಅದಕ್ಕೆ ಏನು ಕೇಳಿಸುತ್ತಿದೆ, ಎಲ್ಲವೂ ಅವನಿಗೆ ಗೊತ್ತಿತ್ತು. ಮತ್ತೆ ಅದೇ ಜಾಗಕ್ಕೆ ಎಸೆದ.

ಈ ಸಲ ದಾರ ಕಲ್ಲಿಗೆ ಸಿಕ್ಕಿದಂತೆ ನಿಂತಿತು. ಆಮೇಲೆ ಕಲ್ಲು ಓಡಿತು.

ದಾರ ಅಂಗೈ ಕೊಯ್ದಿತು. ಎರಡು ಸಲ ಅವನು ಮೊಣಕಾಲೂರಿದ. ಮೀನು ಅಳಿವೆಯ ಬಾಯಿಯತ್ತ ಓಡಿತು, ತಿರುಗಿತು, ಬಂಡೆಯ ಸಂದಿಗೆ ನುಗ್ಗಲು ನೋಡಿತು. ಸಂದಿ ಎಲ್ಲಿದೆ ಎಂದು ಅವನಿಗೆ ಗೊತ್ತಿದ್ದರಿಂದ ಅಲ್ಲಿಗೆ ಹೋಗಗೊಡಲಿಲ್ಲ. ಕೊನೆಗೆ ಅದು ಸೋತು ಮಗ್ಗುಲಾದಾಗ ಮೊದಲು ನೀರಿಗಿಳಿದು ಅದರ ಕಿವಿರಿಗೆ ಕೈ ಹಾಕಿದವನು ಆ ದಾಯಾದಿಯೇ. ನಗುತ್ತಿದ್ದುದು ಅವನಿಗೆ ಮರೆತುಹೋಗಿತ್ತು. ಮೀನನ್ನು ಗಳುವಿಗೆ ಕಟ್ಟಿ ಇಬ್ಬರು ಹೊತ್ತರು. ಬಂಡೆ ಮೀನುಗಾರನಿಗೇ ಉಳಿಯಿತು.

ಗುರುಗಳು ಕತೆ ಮುಗಿಸಿ ಮತ್ತೆ ನಾರು ಎತ್ತಿಕೊಂಡರು.

ಬೊಮ್ಮಯ್ಯನ ಮುಖ ಅರಳಿತ್ತು. ಅವನು ಚುರುಕಿನವನು, ಕತೆಯ ತಿರುಳು ಅವನ ಕೈಗೆ ಸಿಕ್ಕಿತ್ತು. ಕುಳಿತಲ್ಲೇ ಲೆಕ್ಕ ಹಾಕತೊಡಗಿದ. ಆ ಊರಿನವರ ಮನಸ್ಸು ಕದಡಿದೆ. ಅವರಿಗೆ ಅಲಂಕಾರದ ಮಾತು ಕಾಣುವುದಿಲ್ಲ. ಶ್ಲೋಕ ಬೇಡ, ರಾಗ ಬೇಡ. ಒರಟಾದ, ಎದೆಗೆ ಬಡಿಯುವ ಮಾತು ಬೇಕು. ಅಂಥ ಮಾತನ್ನು ಕಟ್ಟುವುದು ತನಗೆ ಕಷ್ಟವಲ್ಲ.

"ತಿಳಿಯಿತು ಗುರುಗಳೇ" ಎಂದು ಎದ್ದು ನಿಂತ. "ನಾಳೆಯೇ ಹೊರಡುತ್ತೇನೆ. ಯಾವ ಮಾತು ಒಯ್ಯಬೇಕು ಎಂದು ಗೊತ್ತಾಯಿತು."

ಗುರುಗಳು ನಾರಿನ ಎಳೆಯೊಂದನ್ನು ಬಿಡಿಸುತ್ತ ಕೇಳಿದರು:

"ಆ ಊರಿನವರು ಸಂಜೆಗೆ ಏನು ಉಣ್ಣುತ್ತಾರೆ, ಬೊಮ್ಮಯ್ಯ?"

ಆ ಮೂರು ತಿಂಗಳಲ್ಲಿ ಬೊಮ್ಮಯ್ಯ ಅಲ್ಲಿ ಯಾರ ಮನೆಯಲ್ಲೂ ಊಟಕ್ಕೆ ಕುಳಿತಿರಲಿಲ್ಲ. ಎದ್ದು ನಿಂತವನು ಮತ್ತೆ ನೆಲದ ಮೇಲೆ ಕುಳಿತುಕೊಂಡ.