ಮುಸುವಣ್ಣನ ಕೂಗುಪೆಟ್ಟಿಗೆ

ಮಕ್ಕಳೇ, ದಟ್ಟ ಕಾಡಿನ ನಡುವೆ ಜೊಂಡು ಬೆಳೆದ ಕೆರೆಯೊಂದಿತ್ತು. ದಡದ ಅತ್ತಿಮರದಲ್ಲಿ ಮುಸುವ ಎಂಬ ಕರಿಮೋರೆಯ ಕೋತಿಯೊಬ್ಬ, ಕೆಳಗಿನ ಜೊಂಡಿನಲ್ಲಿ ಹುಂಡುಕೋಳಿ ಎಂಬ ನೀರುಹಕ್ಕಿಯೊಬ್ಬಳು ವಾಸವಾಗಿದ್ದರು. ಎಲ್ಲರೂ ಅವರನ್ನು ಮುಸುವಣ್ಣ, ಹುಂಡಕ್ಕ ಎನ್ನುತ್ತಿದ್ದರು.

ಮುಸುವಣ್ಣ ಬಲು ಜಾಣ. ಒಂದು ಸಾಫ್ಟ್‌ವೇರ್ ಬರೆದು, ಪೆಟ್ಟಿಗೆಗೆ ತುಂಬಿ ಮರಕ್ಕೆ ಕಟ್ಟಿದ. ಚಿರತೆಯ ಸುಳಿವು ಸಿಕ್ಕರೆ ಸಾಕು, ಪೆಟ್ಟಿಗೆ "ಅಪಾಯ! ಓಡಿ!" ಎಂದು ಕೂಗುತ್ತಿತ್ತು. ಜಿಂಕೆಗಳು ಹಿಗ್ಗಿದವು. ಕಾಡೆಲ್ಲ ಅದನ್ನೇ ನಂಬಿ, ಕಾವಲು ಕಾಯುವುದನ್ನೇ ಬಿಟ್ಟಿತು.

ಒಂದು ಬೆಳಗ್ಗೆ ಉಡವೊಂದು ಜೊಂಡಿಗೆ ನುಗ್ಗಿ ಹುಂಡಕ್ಕನ ಮರಿಯೊಂದನ್ನು ಹೊತ್ತೊಯ್ದಿತು. ಪೆಟ್ಟಿಗೆ ತುಟಿ ಪಿಟಕ್ಕೆನ್ನಲಿಲ್ಲ.

ಅತ್ತು ಅತ್ತು ಸೋತ ಹುಂಡಕ್ಕ ಕಾಡಿನ ಹಿರಿಯಳಾದ ಆನೆಜ್ಜಿಗೆ ಪೆಟ್ಟಿಗೆಯ ಮೇಲೆ ದೂರು ಕೊಟ್ಟಳು. ಸಭೆ ಸೇರಿತು.

"ನನ್ನ ಸಾಫ್ಟ್‌ವೇರ್ ಸುಳ್ಳು ಹೇಳಿತೆ? ಕದ್ದಿತೆ?" ಮುಸುವಣ್ಣ ಎದೆಯುಬ್ಬಿಸಿದ. "ಇಲ್ಲ ತಾನೆ? ಹಾಗಾದರೆ ಅದು ನ್ಯಾಯವಾಗಿಯೇ ಇದೆ."

"ಹಾಗೆಂದು ತೀರ್ಮಾನಿಸಿದವರು ಯಾರಣ್ಣ?" ಎಂದಳು ಹುಂಡಕ್ಕ.

"ಬರೆದವನು ನಾನು. ಮತ್ತೆ ಇನ್ಯಾರು ತೀರ್ಮಾನಿಸಬೇಕು? ಒಂದು ಸಾಲು ಬರೆಯಲು ಬಾರದ ನೀನೋ?"

"ನಮಗಂತೂ ಒಳ್ಳೆಯದೇ ಆಗಿದೆಯಪ್ಪ," ಎಂದವು ಜಿಂಕೆಗಳು.

ಹುಂಡಕ್ಕನಿಗೆ ಸುಮ್ಮನೆ ಹೊರಟುಬಿಡೋಣ ಅನ್ನಿಸಿತು. ಆದರೆ ಗೂಡಿನಲ್ಲಿ ಉಳಿದ ಮರಿಗಳು ನೆನಪಾದವು. ಕಾಲೂರಿ ನಿಂತಳು.

"ಅಣ್ಣಾ, ಅದು ಅಷ್ಟು ಒಳ್ಳೆಯದಾದರೆ ಅದನ್ನೊಂದೇ ನಂಬಿ, ನಾನು ನೀರು ಕುಡಿಯುವಲ್ಲಿ ನೀನೂ ಒಮ್ಮೆ ಕುಡಿ. ಅತ್ತಿತ್ತ ನೋಡುವಂತಿಲ್ಲ."

"ಅದೇನು ಮಹಾ!" ಮುಸುವಣ್ಣ ಜಂಬದಿಂದ ಇಳಿದು, ಕಣ್ಣುಮುಚ್ಚಿ ನೀರಿಗೆ ಬಾಗಿದ. ಎಲ್ಲರ ಕಣ್ಣೂ ಪೆಟ್ಟಿಗೆಯ ಮೇಲೆ. ಹುಂಡಕ್ಕನ ಕಣ್ಣು ಮಾತ್ರ ನೀರಿನ ಮೇಲೆ. ದೂರದಿಂದ ಕೊರಡಿನಂಥದ್ದೊಂದು ಮೆಲ್ಲಗೆ ಇತ್ತ ತೇಲಿಬಂತು. ಪೆಟ್ಟಿಗೆ ಗಪ್‌ಚಿಪ್.

"ಮೊಸಳೆ! ನೆಗೆಯಣ್ಣಾ!" ಹುಂಡಕ್ಕ ಕಿರುಚಿದಳು.

ಮುಸುವಣ್ಣ ಚಂಗನೆ ನೆಗೆದ. ದವಡೆ ಟಪ್ಪೆಂದು ಮುಚ್ಚಿತು. ಪ್ರಾಣ ಉಳಿಯಿತು; ಬಾಲದ ತುದಿ ಮೊಸಳೆಯ ಪಾಲಾಯಿತು.

"ಕೊಂಬೆಯ ಮೇಲಿಂದ ನನಗೆ ಕಂಡ ಭಯವನ್ನಷ್ಟೇ ಬರೆದೆ ಅಕ್ಕಾ," ಅವನು ತಲೆ ತಗ್ಗಿಸಿದ. "ನಿನ್ನ ಭಯ ಏನೆಂದು ಕೇಳಲೇ ಇಲ್ಲ. ತಪ್ಪಾಯಿತು."

"ಬರೆಯುವ ಕೈ ನಿನ್ನದೇ ಇರಲಿ. ಸರಿಯೋ ತಪ್ಪೋ ಎಂದು ಹೇಳುವಾಗ ನೀರಂಚಿನ ನಮ್ಮನ್ನೂ ಕೂರಿಸಿಕೋ."

"ಇನ್ನು ಮುಂದೆ ಹಾಗೆಯೇ ನಡೆಯಲಿ!" ಆನೆಜ್ಜಿ ಸೊಂಡಿಲೆತ್ತಿ ಘೀಳಿಟ್ಟಳು.

ಮುಸುವಣ್ಣ ಕೆಸರಿನಲ್ಲೇ ಕುಳಿತ. ಹುಂಡಕ್ಕ ಉಡದ ನಡಿಗೆ ಹೇಳಿದಳು, ಮೊಲ ಹದ್ದಿನ ನೆರಳು ಹೇಳಿತು, ಕಪ್ಪೆಗಳು ಹಾವಿನ ಸರಸರ ಹೇಳಿದವು. ಅವನು ಒಂದನ್ನೂ ಬಿಡದೆ ಬರೆದು ಪೆಟ್ಟಿಗೆಗೆ ತುಂಬಿದ.

ಆನೆಜ್ಜಿ ಹುಂಡಕ್ಕನನ್ನು ತಲೆಯ ಮೇಲೆ ಕೂರಿಸಿಕೊಂಡು ಮೆರವಣಿಗೆಯಲ್ಲಿ ಕೆರೆ ಸುತ್ತಲು ಹೊರಟಳು. ಅಷ್ಟರಲ್ಲಿ ಪೆಟ್ಟಿಗೆ, "ಹಾವು! ಹಾವು!" ಎಂದು ಕೂಗಿತು. ಕಪ್ಪೆಗಳೆಲ್ಲ ಪುಳಕ್ ಪುಳಕ್ ಎಂದು ನೀರಿಗೆ ಹಾರಿಕೊಂಡವು. ಹಾವು ಬರಿಬಾಯಲ್ಲಿ ಹಿಂದಿರುಗಿತು. ಕಾಡಿಗೆ ಕಾಡೇ ಹೋ ಎಂದು ಕುಣಿಯಿತು. ಎಲ್ಲರಿಗಿಂತ ಜೋರಾಗಿ ಕುಣಿದವನು ಮುಸುವಣ್ಣ.

ನೀತಿ: ಒಂದು ಸಾಧನ ಒಳ್ಳೆಯದೋ ಕೆಟ್ಟದ್ದೋ ಎಂದು ಹೇಳುವ ಹಕ್ಕು ಮಾಡಿದವನೊಬ್ಬನದೇ ಅಲ್ಲ, ಅದನ್ನು ನಂಬಿ ಬದುಕುವವರ ಮಾತೂ ನಡೆಯಬೇಕು.