ಹುಣಸೆಮರಕ್ಕೆ ಸಿಕ್ಕ ಡ್ರೋನ್

ಒಂದು ಗುಡ್ಡ. ಗುಡ್ಡದ ಬುಡಕ್ಕೆ ಒಂದು ಊರು. ಆ ಊರಲ್ಲಿ ಗಾಳಿಯದೇ ಗೌಡಕಿ. ಬೇಸಿಗೆಯ ಮಧ್ಯಾಹ್ನ ಬಂತೆಂದರೆ ಸಾಕು, ಹಗ್ಗದ ಮೇಲಿನ ಬಟ್ಟೆ ಅದರದು, ತಲೆ ಮೇಲಿನ ಟೊಪ್ಪಿಗೆ ಅದರದು.

ಆ ಊರಲ್ಲಿ ಕಸ್ತೂರಿ ಅಂತ ಒಬ್ಬ ಪುಟ್ಟ ಹುಡುಗಿ. ಅವಳಿಗೆ ಒಬ್ಬ ಸೋದರತ್ತೆ, ಇಂದುಮತಿ. ಅತ್ತೆಯ ಹತ್ತಿರ ಒಂದು ಡ್ರೋನ್ ಇತ್ತು. ಅಂಗೈಯಷ್ಟು ಮೈ. ನಾಲ್ಕು ರೆಕ್ಕೆ. ಹೊಟ್ಟೆಯಲ್ಲೊಂದು ಕಣ್ಣು. ಗುಂಯ್ ಅಂತ ಏಳುತ್ತಿತ್ತು. ಮೇಲಿಂದ ಊರು ನೋಡುತ್ತಿತ್ತು. ಕಂಡದ್ದನ್ನೆಲ್ಲ ಅತ್ತೆಯ ಫೋನಿಗೆ ಕಳಿಸುತ್ತಿತ್ತು.

ಒಂದು ಮಧ್ಯಾಹ್ನ ಕಸ್ತೂರಿ ಕೇಳಿದಳು, "ಅತ್ತಿ, ಡ್ರೋನ್ ಹಾರಸೂಣೇನು?"

"ತಡಿ. ಮಾಳಿಗಿ ಹತ್ತಿ ಗಾಳಿ ನೋಡಿ ಬರ್ತೀನಿ," ಅಂದಳು ಅತ್ತೆ.

ಕಸ್ತೂರಿ ತಡೆಯಲಿಲ್ಲ. ಅಂಗಳದಲ್ಲಿ ಕೈ ಚಾಚಿ ನೋಡಿದಳು. ಗಾಳಿ ಇಲ್ಲ. ಲಂಗದ ಅಂಚು ನೋಡಿದಳು. ಗಾಳಿ ಇಲ್ಲ. ರಿಮೋಟಿನ ಗುಂಡಿ ಒತ್ತಿದಳು. ಡ್ರೋನ್ ಎದ್ದಿತು. ಗೋಡೆ ದಾಟಿತು. ಗೋಡೆ ದಾಟಿದ್ದೇ ತಡ, ಸುಯ್ ಅಂತ ಗಾಳಿ ಬಂತು. ಡ್ರೋನನ್ನು ಎತ್ತಿಕೊಂಡೇ ಹೋಯಿತು.

ಅತ್ತೆ ಮಾಳಿಗೆಯಿಂದ ಓಡಿ ಬಂದಳು. ರಿಮೋಟ್ ಇಸಿದುಕೊಂಡಳು. ಡ್ರೋನ್ ಮನೆ ಕಡೆ ತಿರುಗಿತು. ಮುಖ ಮನೆ ಕಡೆ. ಮೈ ಹಿಂದೆ ಹಿಂದೆ.

"ಕೆಳಗ ಇಳಿ. ಕೆಳಗ ಗಾಳಿ ಕಡಿಮಿ," ಅಂದಳು ಅತ್ತೆ.

ಡ್ರೋನ್ ಇಳಿಯಿತು. ಇಳಿಯುವಷ್ಟರಲ್ಲಿ ದೊಡ್ಡ ಹುಣಸೆಮರ ಬಂತು. ತುದಿಕೊಂಬೆಗೆ ಸಿಕ್ಕಿಕೊಂಡಿತು.

ಹುಣಸೆಮರದ ಕೆಳಗೆ ಬಾವಿ. ಬಾವಿಯ ನೀರು ಕಪ್ಪು. ಅದರ ತಳ ಕಂಡವರಿಲ್ಲ. ಡ್ರೋನ್ ಬಿದ್ದರೆ ಬಾವಿಗೇ.

ಅತ್ತೆ ಬಯ್ಯಲಿಲ್ಲ. "ಅಂಗಳಕ್ಕ ಗೋಡಿ ಅಡ್ಡ ಇರ್ತೈತಿ. ಗಾಳಿ ಇರೂದು ಮ್ಯಾಲೆ," ಅಂದಳು. "ನಾ ಇಲ್ಲೇ ಕಾಯ್ತೀನಿ. ನೀ ಓಡು, ದ್ಯಾಮಣ್ಣನ ಕರಿ."

ದ್ಯಾಮಣ್ಣ ಅಂದರೆ ಮರ ಹತ್ತಿ ಹುಣಸೆಹಣ್ಣು ಬಡಿಯುವವನು. ಕಸ್ತೂರಿ ಓಡಿದಳು.

"ದ್ಯಾಮಣ್ಣ, ದ್ಯಾಮಣ್ಣ, ಡ್ರೋನ್ ಇಳಿಯವಲ್ದು. ನೀ ಮರ ಹತ್ತು."

ದ್ಯಾಮಣ್ಣ ಬಂದ. ಮರ ನೋಡಿದ. "ಹತ್ತೂದಿಲ್ಲ ತಂಗಿ. ಮರ ತೂಗ್ಯಾಡಾಕತ್ತೈತಿ. ಮರಕ್ಕ ನಿಲ್ಲು ಅನ್ನು. ನಿಂತ್ರ ಹತ್ತತೀನಿ."

ಕಸ್ತೂರಿ ಮರದ ಬೊಡ್ಡೆಯನ್ನು ತಬ್ಬಿದಳು.

"ಹುಣಸೀಮರ, ಹುಣಸೀಮರ, ಡ್ರೋನ್ ಇಳಿಯವಲ್ದು. ದ್ಯಾಮಣ್ಣ ಹತ್ತವಲ್ಲ. ನೀ ಸುಮ್ಮ ನಿಲ್ಲು."

ಮರ ಕಿರ್ ಅಂದಿತು. "ಹುಟ್ಟಿದಾಗಿಂದ ನಾ ನಿಂತೇ ಇದ್ದೀನಿ. ಅಲುಗಾಡಸೂದು ಗಾಳಿ. ಗಾಳಿಗೆ ತಗ್ಗು ಅನ್ನು. ತಗ್ಗಿದ್ರ ಸುಮ್ಮ ನಿಲ್ತೀನಿ."

ಕಸ್ತೂರಿ ಬಯಲಿಗೆ ಓಡಿದಳು. ಬಯಲಲ್ಲಿ ಗಾಳಿ ಸಿಕ್ಕಿತು. ಅದಕ್ಕೆ ಮುಖ ಇಲ್ಲ. ಯಾವ ಕಡೆ ತಿರುಗಿ ಮಾತಾಡುವುದು? ಕಸ್ತೂರಿ ಸುತ್ತಲೂ ತಿರುಗಿ ಹೇಳಿದಳು.

"ಗಾಳಿ, ಗಾಳಿ, ಡ್ರೋನ್ ಇಳಿಯವಲ್ದು. ದ್ಯಾಮಣ್ಣ ಹತ್ತವಲ್ಲ. ಮರ ನಿಲ್ಲವಲ್ದು. ನೀ ತಗ್ಗು."

ಗಾಳಿ ಎಲ್ಲ ಕಡೆಯಿಂದಲೂ ಮಾತಾಡಿತು. "ಹೆಂಗ ತಗ್ಗಲಿ? ಗುಡ್ಡ ನನ್ನ ಕರಿಯಾಕತ್ತೈತಿ. ಕರದ್ರ ನಾ ಓಡಬೇಕು. ಗುಡ್ಡಕ್ಕ ಕರೀಬ್ಯಾಡ ಅನ್ನು. ಕರೀದಿದ್ರ ತಗ್ಗತೀನಿ."

ಕಸ್ತೂರಿ ಗುಡ್ಡ ಹತ್ತಿದಳು. ಕಲ್ಲೆಲ್ಲ ಕಾದಿದ್ದವು. ಚಪ್ಪಲಿಯೊಳಗೂ ಕಾಲು ಚುರ್ ಅಂದಿತು.

"ಗುಡ್ಡ, ಗುಡ್ಡ, ಡ್ರೋನ್ ಇಳಿಯವಲ್ದು. ದ್ಯಾಮಣ್ಣ ಹತ್ತವಲ್ಲ. ಮರ ನಿಲ್ಲವಲ್ದು. ಗಾಳಿ ತಗ್ಗವಲ್ದು. ನೀ ಗಾಳಿನ ಕರೀಬ್ಯಾಡ."

ಕಾಲ ಕೆಳಗಿಂದ ಗುಡ್ಡದ ದನಿ ಬಂತು. ಅಷ್ಟು ದಪ್ಪ ದನಿಯನ್ನು ಕಸ್ತೂರಿ ಎಂದೂ ಕೇಳಿರಲಿಲ್ಲ. ಕಿವಿಗಿಂತ ಮೊದಲು ಹೊಟ್ಟೆಗೆ ಕೇಳಿಸಿತು.

"ನನ್ನ ಕಲ್ಲು ಕಾದಾವ. ಕಾದ ಗಾಳಿ ಮ್ಯಾಲೆ ಏರತೈತಿ. ಖಾಲಿ ಆದ ಜಾಗಕ್ಕ ಬಯಲ ಗಾಳಿ ಓಡಿ ಬರತೈತಿ. ಅದಾ ನಾ ಕರಿಯೂದು. ಕಾಯಿಸಿದಾವ ಸೂರ್ಯ. ಸೂರ್ಯಗ ಅತ್ತ ಸರಿ ಅನ್ನು. ಸರದ್ರ ನಾ ಆರತೀನಿ."

ಕಸ್ತೂರಿ ಇನ್ನೂ ಮೇಲೆ ಹತ್ತಿದಳು. ತುದಿಗೆ ಬಂದಳು. ಕೆಳಗೆ ನೋಡಿದಳು. ಅತ್ತೆ ಇರುವೆಯಷ್ಟು ಕಂಡಳು. ಹುಣಸೆಮರ ಹಿಡಿ ಸೊಪ್ಪಿನಷ್ಟು ಕಂಡಿತು. ಅದರ ತುದಿಯಲ್ಲಿ ಡ್ರೋನಿನ ಕೆಂಪು ದೀಪ. ಪಿಳಿ ಪಿಳಿ. ಪಿಳಿ ಪಿಳಿ. ಗಾಳಿ ಬೀಸಿತು. ದೀಪ ಒಂದು ಕೊಂಬೆ ಕೆಳಗೆ ಜಾರಿತು.

ಸೂರ್ಯನನ್ನು ನೋಡಿ ಮಾತಾಡಲು ಆಗುವುದಿಲ್ಲ. ಕಸ್ತೂರಿ ಕಣ್ಣು ಮುಚ್ಚಿದಳು. ಮುಖ ಮೇಲೆತ್ತಿದಳು.

"ಸೂರ್ಯಪ್ಪ, ಸೂರ್ಯಪ್ಪ, ಡ್ರೋನ್ ಇಳಿಯವಲ್ದು. ದ್ಯಾಮಣ್ಣ ಹತ್ತವಲ್ಲ. ಮರ ನಿಲ್ಲವಲ್ದು. ಗಾಳಿ ತಗ್ಗವಲ್ದು. ಗುಡ್ಡ ಆರವಲ್ದು. ನೀ ಒಂಚೂರು ಸರಿ."

ರೆಪ್ಪೆಯೊಳಗೆಲ್ಲ ಕೆಂಪಾಯಿತು. ಸೂರ್ಯ ಮೆಲ್ಲಗೆ ಅಂದ, "ನಾ ಸರಿಯೂದಿಲ್ಲ ಮಗಳ. ನಾ ಸರದ್ರ ಹಗಲು ಸರೀತೈತಿ. ಮೋಡಕ್ಕ ನಡುವ ಬಾ ಅನ್ನು. ಬಂದ್ರ ನಾ ಮರೆ ಆಗತೀನಿ."

ಮೋಡ ಎಲ್ಲಿದೆ? ಆಕಾಶವೆಲ್ಲ ಖಾಲಿ. ಗುಡ್ಡದಾಚೆ ಮಾತ್ರ ಒಂದು ಮೋಡ ಇತ್ತು. ಒಂದೇ ಒಂದು. ಅದು ಎಷ್ಟು ದೊಡ್ಡದೆಂದರೆ, ಕಸ್ತೂರಿ ಈ ತುದಿ ನೋಡುವಷ್ಟರಲ್ಲಿ ಆ ತುದಿ ಬೇರೆಯಾಗಿರುತ್ತಿತ್ತು.

"ಮೋಡಪ್ಪ, ಮೋಡಪ್ಪ, ಡ್ರೋನ್ ಇಳಿಯವಲ್ದು. ದ್ಯಾಮಣ್ಣ ಹತ್ತವಲ್ಲ. ಮರ ನಿಲ್ಲವಲ್ದು. ಗಾಳಿ ತಗ್ಗವಲ್ದು. ಗುಡ್ಡ ಆರವಲ್ದು. ಸೂರ್ಯ ಸರಿಯವಲ್ಲ. ನೀ ನಡುವ ಬಾ."

ಮೋಡ ಅವಳ ಮೇಲೆ ಬಾಗಿತು. "ಕೆಳಗಿನವ್ರು ನನ್ನ ನೋಡಿ ಆನಿ ಅಂತಾರ. ಎಮ್ಮಿ ಅಂತಾರ. ಹಡಗ ಅಂತಾರ. ನಾ ಏನು ಅಂತ ನನಗ ಗೊತ್ತಿಲ್ಲ. ನೀ ನೋಡಿ ಹೇಳು. ಹೇಳಿದ್ರ ಬರ್ತೀನಿ."

ಕಸ್ತೂರಿ ನೋಡಿದಳು. ಆನೆ ಅನ್ನಬಹುದಿತ್ತು. ಅನ್ನಲಿಲ್ಲ. ಮತ್ತೆ ನೋಡಿದಳು. ಇಲ್ಲೊಂದು ಬಿಳಿ ತುಂಡು. ಅಲ್ಲೊಂದು ಬೂದಿ ತುಂಡು. ನಡುವೆ ಒಂದು ನೀಲಿ ತುಂಡು. ಎಲ್ಲ ಕೂಡಿ ಒಂದೇ ದೊಡ್ಡದು.

"ನೀ ಕೌದಿ," ಅಂದಳು.

"ಕೌದಿ ಅಂದ್ರ?"

"ನಮ್ಮಾಯಿ ಹೊಲೀತಾಳ. ಹಳೀ ಸೀರಿ ತುಂಡು ಕೂಡಿಸಿ ಹೊಲೀತಾಳ. ಕೌದಿ ಹೊಚ್ಚಿದ್ರ ಎಷ್ಟ ಗದ್ದಲ ಮಾಡೂ ಕೂಸಾದ್ರೂ ಸುಮ್ಮ ಆಗ್ತೈತಿ."

ಮೋಡ ತನ್ನನ್ನು ತಾನೇ ನೋಡಿಕೊಂಡಿತೋ ಏನೋ. ಆಮೇಲೆ ಅಂದಿತು, "ಹಂಗಾದ್ರ ಹೊಚ್ಚತೀನಿ."

ಮೋಡ ಹೊರಟಿತು. ಅದರ ನೆರಳೂ ಹೊರಟಿತು. ನೆರಳು ಗುಡ್ಡ ಹತ್ತಿತು. ಕಸ್ತೂರಿಯ ಕಾಲ ಮೇಲೆ ಹಾದುಹೋಯಿತು. ತಣ್ಣಗೆ. ಸದ್ದೇ ಇಲ್ಲದೆ. ಊರಿಗಿಂತ ದೊಡ್ಡದೊಂದು ಅವಳನ್ನು ದಾಟಿ ಹೋಯಿತು, ಒಂದು ಹುಲ್ಲೂ ಮುರಿಯಲಿಲ್ಲ. ಕಸ್ತೂರಿಯ ಮೈ ಜುಮ್ ಅಂದಿತು. ಬಾಯಿ ತೆರೆದದ್ದು ತೆರೆದೇ ಇತ್ತು.

ಮೋಡ ಹೊಚ್ಚಿತು. ಸೂರ್ಯ ಮರೆಯಾದ.

ಸೂರ್ಯ ಮರೆಯಾದ. ಗುಡ್ಡ ಆರಿತು. ಕಲ್ಲು ಮುಟ್ಟಿದರೆ ಈಗ ಕೈ ಸುಡಲಿಲ್ಲ.

ಗುಡ್ಡ ಆರಿತು. ಗಾಳಿ ತಗ್ಗಿತು. ಓಡುತ್ತಿದ್ದುದು ನಡೆಯಿತು. ನಡೆಯುತ್ತಿದ್ದುದು ಕೂತಿತು.

ಗಾಳಿ ತಗ್ಗಿತು. ಮರ ನಿಂತಿತು. ಎಲೆ ಕೂಡ ಅಲುಗಲಿಲ್ಲ. ಊರಿನ ನಾಯಿಗಳೂ ತಲೆ ಎತ್ತಿ ನೋಡಿದವು.

ಮರ ನಿಂತಿತು. ದ್ಯಾಮಣ್ಣ ಹತ್ತಿದ. ಒಂದು ಕೊಂಬೆ. ಇನ್ನೊಂದು ಕೊಂಬೆ. ಮತ್ತೊಂದು ಕೊಂಬೆ. ಕೈ ಚಾಚಿದ. ಡ್ರೋನ್ ಸರ್ ಅಂತ ಜಾರಿತು. ಕೆಳಗೆ ಬಾವಿ ಬಾಯಿ ತೆರೆದು ಕಾದಿತ್ತು. ದ್ಯಾಮಣ್ಣ ಹೆಗಲ ಟವಲು ಬೀಸಿದ. ಡ್ರೋನ್ ಟವಲಿಗೆ ಬಿತ್ತು. ಹಕ್ಕಿಮರಿ ಗೂಡಿಗೆ ಬಿದ್ದ ಹಾಗೆ.

ಕಸ್ತೂರಿ ಗುಡ್ಡ ಇಳಿದು ಓಡಿ ಬಂದಳು. ಒಂದೇ ಉಸಿರಿಗೆ ಹೇಳಿದಳು.

"ಮೋಡ ಹೊಚ್ಚಿತು. ಸೂರ್ಯ ಮರೆ ಆದ. ಗುಡ್ಡ ಆರಿತು. ಗಾಳಿ ತಗ್ಗಿತು. ಮರ ನಿಂತಿತು. ದ್ಯಾಮಣ್ಣ ಹತ್ತಿದ. ಡ್ರೋನ್ ಇಳೀತು."

"ಇಳೀತು," ಅಂದ ದ್ಯಾಮಣ್ಣ. ಡ್ರೋನನ್ನು ಅವಳ ಅಂಗೈಯಲ್ಲಿಟ್ಟ. ಒಂದು ರೆಕ್ಕೆ ಸೀಳಿತ್ತು. ಅತ್ತೆ ಬೇರೆ ರೆಕ್ಕೆ ಹಾಕಿದಳು.

ಮರುದಿನ ಬೆಳಿಗ್ಗೆ ಇಬ್ಬರೂ ಮೊದಲು ಮಾಳಿಗೆ ಹತ್ತಿದರು. ಮರದ ತುದಿ ನೋಡಿದರು. ಎಲೆ ಮಾತ್ರ ಅಲುಗುತ್ತಿತ್ತು. ಕೊಂಬೆ ಅಲುಗುತ್ತಿರಲಿಲ್ಲ.

"ಈಗ ಹಾರಸೂಣು," ಅಂದಳು ಅತ್ತೆ. "ಹೋಗೂವಾಗ ಗಾಳಿಗೆ ಎದುರು ಕಳಸು. ಬರೂವಾಗ ಗಾಳಿ ತಾನ ಅದನ್ನ ಮನಿ ಕಡೆ ದೂಡತೈತಿ. ಬ್ಯಾಟರಿ ಅರ್ಧ ಇದ್ದಾಗನ ಹೊಳ್ಳಸು."

ಕಸ್ತೂರಿ ಗಾಳಿಗೆ ಎದುರು ಕಳಿಸಿದಳು. ಗುಂಯ್. ಅತ್ತೆಯ ಫೋನಿನಲ್ಲಿ ಹೊಲ ಕಂಡಿತು. ಹೊಲದ ತುಂಬ ಜೋಳ. ಜೋಳದ ಮೇಲೆ ಒಂದು ಅಲೆ ಹೊರಟಿತ್ತು. ಒಂದು ಹೊಲದಿಂದ ಇನ್ನೊಂದು ಹೊಲಕ್ಕೆ. ಬದು ದಾಟಿ, ದಾರಿ ದಾಟಿ, ಹಳ್ಳ ದಾಟಿ. ನೋಡಿದಷ್ಟು ದೂರ ಹೋಗುತ್ತಲೇ ಇತ್ತು.

"ಅತ್ತಿ, ಗಾಳಿ ಎಲ್ಲಿಗೆ ಹೊಂಟೈತಿ?"

"ಗೊತ್ತಿಲ್ಲ ಕಸ್ತೂರಿ," ಅಂದಳು ಅತ್ತೆ.

ಬ್ಯಾಟರಿ ಅರ್ಧಕ್ಕೆ ಬಂತು. ಕಸ್ತೂರಿ ಹೊರಳಿಸಿದಳು. ಡ್ರೋನ್ ಮನೆಗೆ ಬಂತು. ಅಲೆ ಮಾತ್ರ ಮುಂದೆ ಹೋಯಿತು.

ಕತೆ ಹೋಯಿತು ಗುಡ್ಡದಾಚೆ. ನಾವು ಉಳಿದೆವು ಗುಡ್ಡದೀಚೆ.